ಕೂಗಿದ ಕೋಳಿಯ ಮೊಟ್ಟೆ

೧೯೫೭ ನವೆಂಬರ್ ೧೦

ದೀಪಾವಳಿ ಕಳೆದ ಮೇಲೆ ಇವರನ್ನು ಗಣಿಯ ಕೆಳಗಿನ ಲೆವೆಲ್ಲಿಗೆ ಹಾಕಿದ್ದಾರೆ. ಅಲ್ಲಿ ಬಂಡೆ ಬಿಸಿಯಂತೆ, ಬರಿಗೈ ಇಟ್ಟರೆ ಸುಡುತ್ತದಂತೆ. ಇದನ್ನು ಇವರು ಹೇಳಲಿಲ್ಲ, ಪಕ್ಕದ ಮನೆಯ ಕುಪ್ಪುಸ್ವಾಮಿ ಹೇಳಿದ. ಇಬ್ಬರೂ ಒಂದೇ ಷಿಫ್ಟು, ಒಂದೇ ಕೇಜಿನಲ್ಲಿ ಗಣಿಗೆ ಇಳಿಯುವವರು. ಇವರು ಮನೆಗೆ ಬಂದರೆ ಉಣ್ಣುವುದು, ಮಲಗುವುದು, ಅಷ್ಟೇ. ನನಗೆ ಮನಸ್ಸು ಒಂದು ಕಡೆ ನಿಲ್ಲುವುದಿಲ್ಲ.

ಮನಸ್ಸು ನಿಲ್ಲದಿದ್ದರೆ ಬರೆ ಎಂದು ಅಪ್ಪ ಹೇಳುತ್ತಿದ್ದರು. ಬಂಗಾರಪೇಟೆ ಹತ್ತಿರದ ನಮ್ಮೂರಿನಲ್ಲಿ ಅಪ್ಪ ಮೇಷ್ಟ್ರು. ಹಲ್ಲಿ ಲೊಚಗುಟ್ಟಿದರೆ ನಿಲ್ಲುವವರನ್ನು, ಬೆಕ್ಕು ಅಡ್ಡ ಬಂದರೆ ಕೂರುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ನನಗೂ ಆಗುವುದಿಲ್ಲ. ಆದರೆ ನನ್ನನ್ನು ಕೊಟ್ಟಿದ್ದು ಅಂಥವರ ಮನೆಗೇ.

ಇವತ್ತು ಕೆಂಪು ಕೋಳಿಯನ್ನು ಕಾವಿಗೆ ಕೂರಿಸಿದೆವು. ಮಂಕರಿಗೆ ಹುಲ್ಲು ಹಾಸಿ ನಾನು ಮೊಟ್ಟೆ ಜೋಡಿಸಿದೆ. ಅತ್ತೆ ಅಕ್ಕಯ್ಯಮ್ಮ ಎಲ್ಲಿಂದಲೋ ಗಣಿಯ ಮುರಿದ ಉಳಿಯ ಚೂರು ತಂದು ಮೊಟ್ಟೆಗಳ ನಡುವೆ ಇಟ್ಟರು. ಭೂಮಿಯೊಳಗೆ ಬಂಡೆ ತಾನಾಗಿ ಸಿಡಿಯುವುದಕ್ಕೆ ಇಲ್ಲಿ ಏರ್ ಬ್ಲಾಸ್ಟ್ ಎನ್ನುತ್ತಾರೆ. ಕೆಳಗೆ ಸಿಡಿದರೆ ಮೇಲೆ ನಮ್ಮ ಪಾತ್ರೆಗಳು ಕುಣಿಯುತ್ತವೆ.

‘ಆ ಅದುರಿಗೆ ಮೊಟ್ಟೆ ಕೆಡ್ತದೆ ಕಣಮ್ಮ. ಕಬ್ಬಿಣ ಇದ್ರೆ ತಡೀತದೆ’ ಎಂದರು.

‘ಹಾಗಾದ್ರೆ ನಿಮ್ಮ ಮಗನ ಜೇಬಿಗೂ ಒಂದು ಚೂರು ಹಾಕಿ ಕಳಿಸಿ ಅತ್ತೆ’ ಎಂದೆ, ತಮಾಷೆಗೆ.

‘ಆಗ್ಲೇ ಆಕಿವ್ನಿ’ ಎಂದರು, ನಗಲಿಲ್ಲ.

ಡಿಸೆಂಬರ್ ೧

ಮರಿಗಳು ಹೊರಬಂದವು. ಎರಡು ಮೊಟ್ಟೆ ಮಾತ್ರ ಕೊಳೆತಿದ್ದವು. ಉಳಿ ಚೂರಿನ ಪ್ರತಾಪ ಎಂದು ಅತ್ತೆ ಬೀದಿಗೆಲ್ಲ ಹೇಳಿಕೊಂಡು ಬಂದರು. ಕೂತು ಕಾವು ಕೊಟ್ಟ ಕೋಳಿಗೆ ಒಂದು ಮಾತಿಲ್ಲ.

ಡಿಸೆಂಬರ್ ೪

ಇವತ್ತು ನಮ್ಮ ಮನೆ ಮುಂದೆ ಗಣಿಯ ಲೈನು ಮನೆಗಳ ಹೆಂಗಸರೆಲ್ಲ. ಮರಿಯಲ್ಲಿ ಹೆಣ್ಣು ಯಾವುದು, ಗಂಡು ಯಾವುದು ಎಂದು ಹೇಳುವುದರಲ್ಲಿ ಈ ಅಶ್ವತ್ಥಮ್ಮನ ಮಾತು ಸುಳ್ಳಾಗಿಲ್ಲ. ನನ್ನ ಬೆನ್ನು ನಾನೇ ತಟ್ಟಿಕೊಳ್ಳುತ್ತಿದ್ದೇನೆ ನಿಜ. ಆದರೆ ಆಚೆಯ ಕೋರಮಂಡಲ್ ಗಣಿ ಕಡೆಯಿಂದಲೂ ಮಡಿಲಲ್ಲಿ ಮರಿ ಕಟ್ಟಿಕೊಂಡು ನನ್ನ ಹತ್ತಿರ ಬರುತ್ತಾರೆ.

ಕತ್ತಿನ ಹಿಂದಿನ ಚರ್ಮ ಎರಡು ಬೆರಳಲ್ಲಿ ಹಿಡಿದು ಮರಿಯನ್ನು ಎತ್ತಬೇಕು. ಹೆಣ್ಣಾದರೆ ಕಾಲು ಮಡಚಿ ಹೊಟ್ಟೆಗೆ ಎಳೆದುಕೊಳ್ಳುತ್ತದೆ, ಗಂಡಾದರೆ ಜೋಲು ಬಿಡುತ್ತದೆ. ಇಷ್ಟು ಎಲ್ಲರಿಗೂ ಗೊತ್ತು. ನಾನು ಅಷ್ಟಕ್ಕೇ ಬಿಡದೆ ರೆಕ್ಕೆ ಬಿಡಿಸಿ ನೋಡುತ್ತೇನೆ. ಹೆಣ್ಣಿಗೆ ಗರಿ ಬೇಗ ಮೂಡುತ್ತದೆ, ಒಂದು ಉದ್ದ ಒಂದು ಗಿಡ್ಡ. ಗಂಡಿಗೆ ತಡ, ಮೂಡಿದರೂ ಎಲ್ಲ ಒಂದೇ ಸಮ. ಇದು ನಮ್ಮಜ್ಜಿ ಕಲಿಸಿದ್ದು.

ಒಂದು ಮರಿ ಮಾತ್ರ ಕಾಡಿಸಿತು. ಒಲೆ ಬೂದಿಯ ಬಣ್ಣದ್ದು. ಎತ್ತಿದರೆ ಒಂದು ಕಾಲು ಮಡಚಿತು, ಇನ್ನೊಂದನ್ನು ಜೋಲು ಬಿಟ್ಟಿತು. ಎರಡನೆಯ ಸಲ ಎತ್ತಿದಾಗಲೂ ಹಾಗೇ. ರೆಕ್ಕೆ ಬಿಡಿಸಿ ನೋಡಿ ‘ಹೆಣ್ಣು’ ಎಂದೆ.

ಕುಪ್ಪುಸ್ವಾಮಿ ಗೋಡೆಗೆ ಒರಗಿ ನೋಡುತ್ತಿದ್ದ. ‘ಇದು ಸೇವಲ್ ಕಣಕ್ಕಾ, ಉಂಜ. ಕಾಲು ನೋಡು, ಎಷ್ಟು ದಪ್ಪ ಅದೆ’ ಎಂದ.

‘ಇದು ಹುಂಜ ಆದ್ರೆ ಇನ್ಮೇಲೆ ನಾನು ಯಾರ ಮರೀನೂ ಎತ್ತೋದಿಲ್ಲ’ ಎಂದೆ. ಅವನ ಹೆಂಡತಿ ಮುನಿರತ್ನಮ್ಮ ‘ನೀ ಸುಮ್ನಿರಯ್ಯಾ, ಅಕ್ಕಂಗೆ ತಿಳೀದಾ’ ಎಂದು ಅವನನ್ನು ಒಳಗೆ ಕಳಿಸಿದಳು. ಮರಿಗೆ ಬೂದಿ ಎಂದೇ ಹೆಸರಾಯಿತು.

೧೯೫೮ ಜನವರಿ ೧೯

ಹದ್ದು ಒಂದು ಮರಿ ಒಯ್ದಿತು. ಮಧ್ಯಾಹ್ನ ಏರ್ ಬ್ಲಾಸ್ಟ್. ಕೊಡ ಉರುಳಿ ನೀರೆಲ್ಲ ಒಲೆಗೆ. ಇವರು ಬರುವವರೆಗೆ ಅತ್ತೆ ಬಾಗಿಲಲ್ಲೇ ಕೂತಿದ್ದರು. ನಾನು ಒಲೆ ಬಳಿದೆ. ಹೆದರಿ ಕೂತರೆ ಒಲೆ ಉರಿಯುತ್ತದೆಯೇ?

ಮಾರ್ಚ್ ೧೬

ಹುಂಜಗಳಿಗೆ ಬಾಲ ಬಾಗಿದೆ, ಜುಟ್ಟು ಕೆಂಪಾಗಿದೆ. ನಾನು ಗಂಡು ಎಂದಿದ್ದೆಲ್ಲ ಗಂಡು, ಹೆಣ್ಣು ಎಂದಿದ್ದೆಲ್ಲ ಹೆಣ್ಣು. ಹುಂಜಗಳನ್ನು ಬಂಗಾರಪೇಟೆ ಸಂತೆಗೆ ರೈಲಿನಲ್ಲಿ ಒಯ್ದು ಮಾರಿ ಬಂದೆವು. ಬೂದಿ ಮಾತ್ರ ಮೈಯಲ್ಲಿ ಹೇಂಟೆ, ನಡಿಗೆಯಲ್ಲಿ ಪೊಲೀಸು. ಅದರ ದೌಲತ್ತು ನೋಡಿ ಇವರೂ ನಕ್ಕರು. ಕೆಳಗಿನ ಲೆವೆಲ್ಲಿಗೆ ಹೋದ ಮೇಲೆ ಇವರು ನಕ್ಕಿದ್ದು ಕಡಿಮೆ, ಅದಕ್ಕೇ ಬರೆದಿಟ್ಟೆ.

ಮೇ ೧೧

ಇವರು ಷಿಫ್ಟಿಗೆ ಹೊರಡಲು ಬೂಟು ಕಟ್ಟಿಕೊಳ್ಳುತ್ತಿದ್ದರು. ಬೂದಿ ತಟ್ಟಿಯ ಮೇಲೆ ಹತ್ತಿ ನಿಂತು, ಕತ್ತು ಚಾಚಿ, ಕೂಗಿತು. ಗಂಟಲು ಒಡೆದ ಹುಡುಗರ ಹಾಗೆ ಅರ್ಧ ಕೂಗು. ಆದರೆ ಕೂಗೇ, ಸಂಶಯವಿಲ್ಲ.

ಅತ್ತೆಯ ಕೈಯಿಂದ ಮೊರ ಬಿತ್ತು. ‘ಯಾಟೆ ಕೂಗ್ತು’ ಎಂದರು.

ಹೇಂಟೆ ಕೂಗಿದ ಮನೆಯಲ್ಲಿ ಗಂಡಸು ಉಳಿಯುವುದಿಲ್ಲ ಎಂಬ ಮಾತು ಇಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ಇವರು ನನ್ನ ಮುಖ ನೋಡಿದರು. ‘ಅದು ಎಣ್ಣೇನಾ?’

‘ಹೆಣ್ಣೇ. ಅದಕ್ಕೇನೀಗ?’ ಎಂದೆ.

ಇವರು ಬೂಟು ಬಿಚ್ಚಿಟ್ಟರು. ಕೇಜು ಇವರನ್ನು ಬಿಟ್ಟು ಇಳಿಯಿತು.

ಮೇ ೧೪

ಮೂರು ದಿನ ಕೆಲಸಕ್ಕೆ ನಾಗಾ ಹಾಕಿ ಇವತ್ತು ಹೋದರು. ಹೊಸಿಲು ದಾಟುವಾಗ ಮತ್ತೆ ಕೇಳಿದರು. ‘ನೀನು ತಪ್ಪಿರಬೌದು ಅಲ್ವೇನೇ? ಉಂಜ ಆಗಿದ್ರೆ ಕೂಗೋದು ಅದ್ರ ಧರ್ಮ. ಉಂಜ ಅಂತ ಒಂದು ಮಾತು ಅಂದ್ಬಿಡು, ನಾನು ನಿಮ್ಮದಿಯಾಗಿ ಓಗ್ತೀನಿ.’

ಕುಪ್ಪುಸ್ವಾಮಿ ಹೊರಗೆ ಕಾಯುತ್ತಿದ್ದ. ‘ನಾನು ಅಂದೇ ಯೋಳಿರ್ಲಿಲ್ವಾ ಮುನಿಶಾಮಣ್ಣಾ’ ಎಂದು ನಕ್ಕ. ಆ ನಗು ಕೇಳಿ ನನ್ನ ಮೈ ಉರಿಯಿತು. ‘ಹೆಣ್ಣು ಅಂದ್ರೆ ಹೆಣ್ಣೇ. ಮೊಟ್ಟೆ ಇಟ್ಟ ದಿನ ಎಲ್ರಿಗೂ ತೋರಿಸ್ತೀನಿ’ ಎಂದೆ. ಇವರು ತಲೆ ತಗ್ಗಿಸಿಕೊಂಡು ಹೋದರು.

ಮೇ ೨೦

ಬೂದಿಯನ್ನು ಕುಯ್ದುಬಿಡೋಣ ಎಂದರು ಇವರು. ಕೂಗಿದ ಹೇಂಟೆಯ ಕತ್ತನ್ನು ಆ ಕ್ಷಣವೇ ಮುರಿಯಬೇಕಂತೆ. ನಾನು ಅಡ್ಡ ನಿಂತೆ. ಮೊಟ್ಟೆ ಇಡುವ ಮುಂಚೆ ಕುಯ್ದರೆ ಅದು ಹುಂಜವೇ ಆಗಿತ್ತು, ಅಶ್ವತ್ಥಮ್ಮ ಮುಚ್ಚಿಹಾಕಿದಳು ಎನ್ನುತ್ತದೆ ಲೈನು. ಇವರಿಗೆ ಬೇರೆ ಕಾರಣ ಹೇಳಿದೆ, ಹೆದರಿಕೆಗೆ ಒಂದು ಸಲ ಮಣೆ ಹಾಕಿದರೆ ಅದು ಏಳುವುದಿಲ್ಲ ಎಂದೆ.

ಅತ್ತೆ ನನ್ನ ಕಡೆ ಮಾತಾಡಿದ್ದು ಆಶ್ಚರ್ಯ. ‘ಕುಯ್ಯಬ್ಯಾಡ ಕಣ್ಲಾ. ಕರ್ದೋರ ಕತ್ತು ಕುಯ್ದ್ರೆ ಬರೋರು ನಿಂತ್ಬುಡ್ತಾರಾ? ನಾನು ನೋಡ್ಕೊತೀನಿ’ ಎಂದರು. ಬೂದಿಯ ಮಂಕರಿಯನ್ನು ತಾವು ಮಲಗುವ ಮೂಲೆಗೆ ಒಯ್ದಿಟ್ಟುಕೊಂಡರು.

ಜೂನ್ ೮

ಬೂದಿಯ ಜುಟ್ಟು ರಕ್ತದ ಹಾಗೆ ಕೆಂಪು. ಬೆನ್ನು ಮುಟ್ಟಿದರೆ ಕುಕ್ಕರಿಸುತ್ತದೆ. ಹುಂಜ ಕುಕ್ಕರಿಸುವುದಿಲ್ಲ. ಇನ್ನೇನು ಮೊಟ್ಟೆ ಇಡಬೇಕು. ದಿನಾ ಹುಲ್ಲು ತಡವಿ ನೋಡುತ್ತೇನೆ, ಇಲ್ಲ.

ಇವರು ಈ ವಾರವೂ ನಾಗಾ. ಬೂದಿ ಕೂಗಿದ ದಿನವೆಲ್ಲ ಬೂಟು ಬಿಚ್ಚಿಡುತ್ತಾರೆ. ಅತ್ತೆ ಮುದ್ದೆ ಬೇಡ ಎಂದರು. ಸಾರು ಸಪ್ಪೆ ಎಂದು ಮುನಿಸಿರಬೇಕು. ನಾನೂ ಕರೆಯಲಿಲ್ಲ.

ಜೂನ್ ೨೨

ಇವತ್ತು ಬೂದಿಯ ಬುಡಕ್ಕೆ ಬೆರಳು ಹಾಕಿ ನೋಡಿದೆ, ಒಳಗೆ ಮೊಟ್ಟೆ ಇದೆ. ಗಟ್ಟಿಯಾಗಿ ಕೈಗೆ ಸಿಕ್ಕಿತು. ನನಗೆ ಕುಣಿಯುವಷ್ಟು ಸಂತೋಷ. ನಲ್ಲಿಗೆ ಹೋದಾಗ ಮುನಿರತ್ನಮ್ಮನಿಗೂ ಹೇಳಿದೆ, ಸಂಜೆ ನಿನ್ನ ಗಂಡನನ್ನು ಕರೆದುಕೊಂಡು ಬಾ ಎಂದೆ. ಬಂದು ನೋಡಿದರೆ ಮಂಕರಿ ಬರಿದು. ಹುಲ್ಲು, ಮೂಲೆ, ಸೌದೆಯ ಹಿಂದೆ, ಎಲ್ಲೂ ಇಲ್ಲ. ಅತ್ತೆಯನ್ನು ಕೇಳಿದರೆ ‘ಆವು ಬಂದಿತ್ತೇನೋ’ ಎಂದರು.

ಸಂಜೆ ಕುಪ್ಪುಸ್ವಾಮಿ ಬಂದು ಬರಿ ಮಂಕರಿ ನೋಡಿ, ಪಾಪ, ಹುಲ್ಲು ಸರಿಮಾಡಿ ಇಟ್ಟು ಹೋದ. ನಕ್ಕಿದ್ದರೇ ವಾಸಿಯಿತ್ತು.

ಜೂನ್ ೩೦

ಮತ್ತೆ ಹಾಗೇ. ಬೆಳಿಗ್ಗೆ ಬೆರಳಿಗೆ ಸಿಗುತ್ತದೆ, ನೀರು ತರುವಷ್ಟರಲ್ಲಿ ಇರುವುದಿಲ್ಲ. ಮುನಿರತ್ನಮ್ಮನೇ ಕದಿಯುತ್ತಿರಬಹುದೇ, ಗಂಡನ ಮಾತು ಉಳಿಸಲು? ಹೀಗೆ ಯೋಚಿಸಬಾರದು.

ಅತ್ತೆಯ ರವಿಕೆ ತೋಳಲ್ಲಿ ಸಡಿಲವಾಗಿದೆ. ಹೊಲಿದು ಕೊಡಬೇಕು.

ಜುಲೈ ೫

ಮೇಸ್ತ್ರಿ ಮನೆಯವರೆಗೆ ಬಂದಿದ್ದರು. ಇನ್ನೊಂದು ನಾಗಾ ಆದರೆ ಹೆಸರು ಹೊಡೆದುಹಾಕುತ್ತಾರಂತೆ. ಕೆಲಸ ಹೋದರೆ ಈ ಮನೆಯೂ ಬಿಡಬೇಕು, ಇದು ಗಣಿಯವರು ಕೊಟ್ಟ ಲೈನು ಮನೆ. ಮೇಸ್ತ್ರಿ ಹೋದ ಮೇಲೆ ಇವರು ಗೋಡೆಗೆ ಒರಗಿ ಕೂತರು. ಬೂದಿ ಮುಂದೆ ಓಡಾಡಿದರೆ ಮುಖ ತಿರುಗಿಸಿಕೊಂಡರು. ಇಷ್ಟು ಎತ್ತರದ ಗಂಡಸು ಒಂದು ಕೋಳಿಗೆ ಹೆದರಿ ಹೀಗೆ ಮುದುಡಿ ಕೂತಿದ್ದು ನೋಡಲು ಆಗಲಿಲ್ಲ.

‘ಅದು ಹುಂಜ. ನಾನು ತಪ್ಪಿದೆ’ ಎಂದೆ.

‘ನಿಜ್ವಾಗ್ಲೂ?’

‘ರೆಕ್ಕೆ ನೋಡೋವಾಗ ಬೆಳಕು ಸಾಲದಾಗಿತ್ತು. ಮೊಟ್ಟೆ ಇಲ್ವಲ್ಲ, ಇನ್ನೇನು ಸಾಕ್ಷಿ ಬೇಕು? ಹುಂಜ.’

ಇವರು ಎದ್ದು ಬೂಟಿಗೆ ಎಣ್ಣೆ ಹಚ್ಚಲು ಕೂತರು. ಅತ್ತೆ ಮೂಲೆಯಿಂದ ನನ್ನನ್ನೇ ನೋಡುತ್ತಿದ್ದರು. ನನಗೆ ನಾಚಿಕೆಯಾಯಿತು. ಸುಳ್ಳು ಹೇಳಿದ್ದಕ್ಕಲ್ಲ. ಸೋತಿದ್ದಕ್ಕೆ.

ಜುಲೈ ೭

ನಲ್ಲಿಯ ಹತ್ತಿರ ಈಗ ನಾನೇ ನಗೆಪಾಟಲು. ಕುಪ್ಪುಸ್ವಾಮಿ ಕೇಜಿನಲ್ಲೆಲ್ಲ ಹೇಳಿದ್ದಾನೆ. ಯಾರೂ ಮರಿ ತರುವುದಿಲ್ಲ. ಇವರು ಮಾತ್ರ ಶಿಳ್ಳೆ ಹಾಕುತ್ತಾ ಷಿಫ್ಟಿಗೆ ಹೋಗುತ್ತಾರೆ. ಬೂದಿ ಕೂಗಿದರೆ ‘ಕೂಗ್ಲಾ, ಕೂಗು’ ಎನ್ನುತ್ತಾರೆ.

ಜುಲೈ ೨೩

ನಲ್ಲಿಯಲ್ಲಿ ನೀರು ಬರಲಿಲ್ಲ. ಬರಿ ಕೊಡ ಹೊತ್ತು ಬೇಗ ಬಂದೆ. ಅತ್ತೆ ಗೋಡೆ ಕಡೆ ತಿರುಗಿ ಕೂತು, ಮೊಟ್ಟೆ ಒಡೆದು ಹಸಿಯಾಗಿ ಬಾಯಿಗೆ ಬಿಟ್ಟುಕೊಳ್ಳುತ್ತಿದ್ದರು. ಚಿಪ್ಪನ್ನು ಕೈಯಲ್ಲಿ ಪುಡಿ ಮಾಡಿ ಒಲೆಗೆ ಹಾಕಿದರು.

ಮೊದಲು ನನ್ನ ಬಾಯಿಂದ ಬಂದ ಮಾತು, ‘ಹಾಗಾದ್ರೆ ಹೆಣ್ಣೇ!’

‘ಎಣ್ಣೇ ಕಣಮ್ಮ. ನೀನು ಯೋಳಿದ್ದು ಸರಿ. ಮೊದ್ಲಿಂದ್ಲೂ ಇಡ್ತಾನೇ ಅದೆ.’

‘ನೀವು ತಿಂದು ಮುಚ್ಚಿಟ್ಟು, ನನ್ನ ಬೀದಿಯಲ್ಲಿ ನಿಲ್ಲಿಸಿದ್ರಲ್ಲ ಅತ್ತೆ.’

‘ಮೊಟ್ಟೆ ಕಂಡಿದ್ರೆ ಅವ್ನು ಗುಂಡಿಗೆ ಒಡ್ಕೊಂಡು ಸಾಯ್ತಿದ್ದ.’ ಅತ್ತೆ ಬಾಯಿ ಒರೆಸಿಕೊಂಡರು. ‘ಕೂಗಿದ ಯಾಟೆ ಮೊಟ್ಟೇನ ಅಸೀದಾಗಿ, ಬರೀ ಒಟ್ಟೇಲಿ ತಿನ್ಬೇಕು. ತಿಂದು, ದೀಪ ಅಚ್ಚೋಗಂಟ ಇನ್ನೇನೂ ಬಾಯಿಗೆ ಆಕ್ಬಾರ್ದು. ಆಗ ಕೂಗು ತಿಂದೋರ ಕಡೆ ತಿರುಗ್ತದೆ. ನಮ್ಮವ್ವ ಯೋಳಿದ್ದು. ನಂಗೇನಮ್ಮ, ವಯಸ್ಸಾಯ್ತು. ನನ್ನೇ ಕರ್ಕೊಂಡೋಗ್ಲಿ.’

ಮುದುಕಿಗೆ ಹುಚ್ಚು. ಮುದ್ದೆ ಬಿಟ್ಟಿದ್ದು ಇದಕ್ಕೆ. ನಾಳೆಯಿಂದ ಮೊಟ್ಟೆ ನಾನೇ ಎತ್ತಿಡುತ್ತೇನೆ, ಹೊಟ್ಟೆ ತುಂಬ ಉಣ್ಣಿಸುತ್ತೇನೆ. ಅಪ್ಪ ಇದ್ದಿದ್ದರೆ ನಗುತ್ತಿದ್ದರು.

ಆದರೂ ನಾನು ಹೇಳಿದ್ದೇ ಸರಿಯಾಯಿತು.

ಜುಲೈ ೩೧

ಮೊಟ್ಟೆ ಎತ್ತಿಡುತ್ತಿದ್ದೇನೆ. ಬಲವಂತ ಮಾಡಿ ಉಣ್ಣಿಸಿದೆ. ಅತ್ತೆ ಅಳುತ್ತಾ ಉಂಡರು. ಸ್ವಲ್ಪ ಚೇತರಿಸಿಕೊಂಡಿದ್ದಾರೆ.

ಆಗಸ್ಟ್ ೨

ಮಧ್ಯಾಹ್ನ ನೆಲ ಎದ್ದು ಬಿತ್ತು. ಇಂಥ ಏರ್ ಬ್ಲಾಸ್ಟ್ ನಾನು ಬಂದ ಮೇಲೆ ಕಂಡಿಲ್ಲ. ಅಟ್ಟದ ಮೇಲಿನದೆಲ್ಲ ಕೆಳಗೆ. ಇಲ್ಲಿ ಸಂಗು ಎನ್ನುವ ಗಣಿಯ ಸೈರನ್ ಊದಿತು, ನಿಲ್ಲಿಸಲೇ ಇಲ್ಲ. ಎಲ್ಲರೂ ಶಾಫ್ಟಿನ ಗೇಟಿಗೆ ಓಡಿದೆವು. ಮುನಿರತ್ನಮ್ಮ ನನ್ನ ಕೈ ಹಿಡಿದುಕೊಂಡಿದ್ದಳು.

ಕತ್ತಲಾಗುವ ಹೊತ್ತಿಗೆ ಇವರು ಬಂದರು. ಮೈಯೆಲ್ಲ ಬಿಳಿ ಧೂಳು, ಕಣ್ಣು ಮಾತ್ರ ಕಾಣುತ್ತಿತ್ತು. ಕುಪ್ಪುಸ್ವಾಮಿಯನ್ನು ಚಾಪೆಯಲ್ಲಿ ತಂದರು. ಇವರು ನೀರು ಕುಡಿಯಲು ಹೋದಾಗ ಇವರ ಜಾಗದಲ್ಲಿ ಅವನು ನಿಂತಿದ್ದನಂತೆ. ಮುನಿರತ್ನಮ್ಮ ನನ್ನ ಕೈ ಬಿಟ್ಟಳು.

ಮನೆಗೆ ಬಂದಾಗ ಅತ್ತೆ ಮಂಕರಿಯ ಹತ್ತಿರ ಕೂತಿದ್ದರು. ನಾನು ಎತ್ತಿಟ್ಟ ಮೊಟ್ಟೆಗಳು ಗಡಿಗೆಯಲ್ಲಿ ಇರಲಿಲ್ಲ. ನೆಲ ಅದುರಿದ ಕೂಡಲೇ ಎಲ್ಲವನ್ನೂ ಕುಡಿದುಬಿಟ್ಟಿದ್ದರು. ‘ಬಂದ್ನಾ?’ ಎಂದರು. ಬಂದರು ಎಂದೆ. ‘ನೋಡ್ದಾ?’ ಎಂದರು.

ನಾನು ಬರಿ ಗಡಿಗೆಯನ್ನು ಬೋರಲು ಹಾಕಿದೆ.

ಆಗಸ್ಟ್ ೭

ಅತ್ತೆಗೆ ಜ್ವರ, ಎದೆಯಲ್ಲಿ ಗೊರಗೊರ ಸದ್ದು. ಇವರು ಕಣ್ಣೀರು ಹಾಕುತ್ತಾರೆ, ಕುಪ್ಪುಸ್ವಾಮಿಗೋ ತಾಯಿಗೋ ತಿಳಿಯದು. ‘ಆಸ್ಪತ್ರೆಗೆ ಎತ್ಕೊಂಡೋಗೋಣ’ ಎಂದರು. ಅತ್ತೆ ಕೈ ಆಡಿಸಿದರು. ಇವರು ನೀರು ತರಲು ಹೋದಾಗ ನನ್ನನ್ನು ಹತ್ತಿರ ಕರೆದರು.

‘ನನ್ನ ವಾಸಿ ಮಾಡಿದ್ರೆ ಅದು ಎಲ್ಲಿಗೆ ಓಗ್ತದೆ? ಯೋಳು.’

ಇದೇನು ಪ್ರಶ್ನೆ? ಜ್ವರದಲ್ಲಿ ಮನುಷ್ಯರು ಏನೇನೋ ಆಡುತ್ತಾರೆ. ನಾಳೆ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು.

ಆಗಸ್ಟ್ ೯

ಇವತ್ತು ಮಳೆ ಮೋಡ. ಥಂಡಿಯಲ್ಲಿ ಅವರನ್ನು ಹೊರಗೆ ಒಯ್ಯುವುದು ಬೇಡ ಎಂದೆ. ಇವರು ರಜೆ ಹಾಕುತ್ತೇನೆ ಎಂದರು. ಮೇಸ್ತ್ರಿ ಹೇಳಿದ್ದು ನೆನಪಿಸಿದೆ. ‘ನೀವು ಹೋಗಿ, ನಾನಿದ್ದೀನಲ್ಲ’ ಎಂದೆ. ಹೋದರು.

ಆಗಸ್ಟ್ ೧೩

ಬೂದಿ ಕೂಗಿತು. ಅತ್ತೆಗೆ ಕೈ ಚಾಚಲೂ ಆಗುವುದಿಲ್ಲ. ಮಂಕರಿಯಿಂದ ಮೊಟ್ಟೆ ತೆಗೆದು, ತೊಳೆದು, ಒಡೆದು ನಾನೇ ಬಾಯಿಗೆ ಬಿಟ್ಟೆ. ಹಸಿ ಮೊಟ್ಟೆ ನಿತ್ರಾಣಕ್ಕೆ ಒಳ್ಳೆಯದು, ಎಲ್ಲರೂ ಹೇಳುತ್ತಾರೆ. ಆಮೇಲೆ ಗಂಜಿ ಕುಡಿಸಬೇಕೆಂದಿದ್ದೆ. ಗಂಜಿ ಮಾಡಿದ್ದೂ ಹೌದು. ದೀಪ ಹಚ್ಚಿದ ಮೇಲೆ ಕೊಟ್ಟೆ.

ಆಗಸ್ಟ್ ೧೭

ಮುನಿರತ್ನಮ್ಮ ಅತ್ತೆಯನ್ನು ನೋಡಲು ಬಂದಿದ್ದಳು, ಹಣೆ ಬರಿದು. ‘ಅಕ್ಕಾ, ಪೆರಿಯಮ್ಮನ್ನ ಆಸ್ಪತ್ರೇಲಿ ತೋರ್ಸಲಿಲ್ವಾ?’ ಎಂದಳು. ನಾಳೆ ಎಂದೆ. ಅವಳು ಬಹಳ ಹೊತ್ತು ನನ್ನ ಮುಖ ನೋಡಿದಳು. ಯಾಕೆ ಹಾಗೆ ನೋಡಬೇಕು? ನಾನು ದಿನಾ ಮೈ ಒರೆಸುತ್ತೇನೆ, ಸೀರೆ ಬದಲಿಸುತ್ತೇನೆ, ತಲೆ ಬಾಚುತ್ತೇನೆ. ಹೆತ್ತ ಮಗಳೂ ಇಷ್ಟು ಮಾಡುವುದಿಲ್ಲ.

ಇವರು ದಿನಾ ಕ್ಷೇಮವಾಗಿ ಬರುತ್ತಿದ್ದಾರೆ.

ಆಗಸ್ಟ್ ೨೪

ಅತ್ತೆ ಹೋದರು.

ಸೆಪ್ಟೆಂಬರ್ ೩

ತಿಥಿ ಊಟಕ್ಕೆ ಆ ಹುಂಜವನ್ನೇ ಕುಯ್ಯೋಣ ಎಂದರು ಇವರು. ಬೇಡ, ಅತ್ತೆ ಸಾಕಿದ್ದು ಎಂದೆ. ಕುಯ್ದರೆ ಹೊಟ್ಟೆಯಲ್ಲಿ ಮೊಟ್ಟೆಯ ಗೊಂಚಲು ಕಾಣುತ್ತದೆ. ಬೇರೆ ಕೋಳಿ ಕೊಂಡು ತಂದೆವು. ಇವರು ಬೂದಿಗೆ ಮಿಕ್ಕ ಅನ್ನ ಹಾಕಿ ‘ನಮ್ಮವ್ವನ ಉಂಜ’ ಎಂದು ಬೆನ್ನು ಸವರಿದರು. ಅದು ಕುಕ್ಕರಿಸಿತು. ಇವರಿಗೆ ತಿಳಿಯಲಿಲ್ಲ.

ಅತ್ತೆ ಹೋದ ದಿನದಿಂದ ಬೂದಿ ಕೂಗಿಲ್ಲ. ತೀರಿತು.

ಸೆಪ್ಟೆಂಬರ್ ೮

ಪಕ್ಕದ ಸಾಲಿನಿಂದ ಒಬ್ಬಳು ಮರಿ ತಂದಿದ್ದಳು. ಎಲ್ಲರೂ ನಗುತ್ತಾರೆ, ಆದರೂ ನಿಮ್ಮ ಕೈಲಿ ನೋಡಿಸಬೇಕು ಅನ್ನಿಸಿತು ಎಂದಳು. ಒಂದನ್ನು ಎತ್ತಿದೆ. ಒಂದು ಕಾಲು ಮಡಚಿದ ಹಾಗೆ, ಒಂದು ಜೋಲು ಬಿಟ್ಟ ಹಾಗೆ ಕಂಡಿತು. ನನಗೆ ತಿಳಿಯುವುದಿಲ್ಲ ಎಂದು ಕಳಿಸಿದೆ.

ಸೆಪ್ಟೆಂಬರ್ ೧೧

ಇವರು ಬೂಟು ಕಟ್ಟಿಕೊಳ್ಳುತ್ತಿದ್ದರು. ಬೂದಿ ತಟ್ಟಿ ಹತ್ತಿತು, ಕೂಗಿತು. ಈಗ ಗಂಟಲು ಒಡೆದಿಲ್ಲ, ಪೂರ್ತಿ ಕೂಗು.

‘ಸಂಗಿಗಿಂತ ಮುಂಚೆ ಇವ್ನು ಎದ್ದವ್ನೆ ನೋಡು’ ಎಂದು ಇವರು ನಕ್ಕರು.

ಬುತ್ತಿ ಕಟ್ಟಿ ಕೊಟ್ಟು ಒಳಗೆ ಬಂದೆ. ಅತ್ತೆಯ ಮೂಲೆಯಲ್ಲಿ ಮಂಕರಿ ಇನ್ನೂ ಹಾಗೇ ಇದೆ. ಮೊಟ್ಟೆ ಬೆಚ್ಚಗಿತ್ತು. ಗೋಡೆ ಕಡೆ ತಿರುಗಿ ಒಡೆದು ಬಾಯಿಗೆ ಬಿಟ್ಟುಕೊಂಡೆ. ಚಿಪ್ಪು ಪುಡಿ ಮಾಡಿ ಒಲೆಗೆ ಹಾಕಿದೆ.

ಇವರು ಬಾಗಿಲಿಗೆ ಬಂದು ಇಣುಕಿದರು. ‘ನೀನೂ ಒಂದು ಮುದ್ದೆ ಉಂಡ್ಬುಡೇ. ಈಚೆಗೆ ಸೊರಗೋಗಿದ್ದೀಯ.’

‘ನೀವು ಹೋಗಿ ಬನ್ನಿ’ ಎಂದೆ. ‘ನಾನು ದೀಪ ಹಚ್ಚಿದ ಮೇಲೆ ಉಣ್ತೀನಿ.’